ಹೈಸ್ಕೂಲ್ ಓಟಗಾರರಿಗೆ ಮೈದಾನ ಎಷ್ಟು ಮುಖ್ಯ?

ಕರ್ನಾಟಕದ ಹೆಚ್ಚಿನ ಪ್ರೌಢಶಾಲೆಗಳಲ್ಲಿ ಟ್ರ್ಯಾಕ್ ಎಂದರೆ ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ 200 ಮೀಟರ್ ಸುತ್ತು, ಅದೂ ಜಾಗ ಇದ್ದರೆ. ಪೂರ್ಣ ಪ್ರಮಾಣದ 400 ಮೀಟರ್ ಟ್ರ್ಯಾಕ್‌ನಲ್ಲಿ ತಿರುವಿನ ತ್ರಿಜ್ಯ ಸುಮಾರು 36.5 ಮೀಟರ್, ಇಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಅದೇ ವೇಗದಲ್ಲಿ ತಿರುಗಲು ಎರಡು ಪಟ್ಟು ಬಲ ಬೇಕು. ಹಾಗಾಗಿ ತಿರುವು ಬಂದೊಡನೆ ವೇಗ ತಗ್ಗಿಸುವುದೇ ಮಕ್ಕಳಿಗೆ ರೂಢಿಯಾಗುತ್ತದೆ.

ನೆಲದ ಗುಣವೂ ಬೇರೆ. ಸಡಿಲ ಮಣ್ಣಿನಲ್ಲಿ ಹೆಜ್ಜೆ ಒತ್ತಿದಾಗ ಶಕ್ತಿಯ ಒಂದು ಪಾಲು ಮಣ್ಣು ಜರುಗುವುದರಲ್ಲೇ ಸೋರಿಹೋಗುತ್ತದೆ. ಸಿಂಥೆಟಿಕ್ ಹಾಸು ಅದನ್ನು ಬಹುಮಟ್ಟಿಗೆ ಮರಳಿಸುತ್ತದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಿಂದೀಚೆಗೆ ದೊಡ್ಡ ಕೂಟಗಳಿಗೆಲ್ಲ ಇದೇ ಹಾಸು. ಬರಿಗಾಲಲ್ಲಿ ಓಡಿ ಜಿಲ್ಲಾಮಟ್ಟ ಗೆದ್ದ ಹುಡುಗಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಸಿಂಥೆಟಿಕ್ ಹಾಸಿನ ಮೇಲೆ ಮೊದಲ ಸಲ ಸ್ಪೈಕ್ಸ್ ತೊಟ್ಟು ಓಡಿದರೆ ಮರುದಿನ ಮೀನಖಂಡ ಹಿಡಿದುಕೊಳ್ಳುವುದು ಆಶ್ಚರ್ಯವಲ್ಲ.

ಕೊರತೆ ಎದ್ದು ಕಾಣುವುದು ಎತ್ತರ ಜಿಗಿತದಲ್ಲಿ. ಬೆನ್ನ ಮೇಲೆ ಬೀಳುವ ಫಾಸ್‌ಬರಿ ವಿಧಾನಕ್ಕೆ ದಪ್ಪ ಫೋಮ್ ಹಾಸಿಗೆ ಬೇಕೇ ಬೇಕು. ಮರಳುಗುಂಡಿ ಮಾತ್ರ ಇರುವಲ್ಲಿ ಮಕ್ಕಳು ಕಾಲೂರಿ ಇಳಿಯುವ ಕತ್ತರಿ ಜಿಗಿತವನ್ನೇ ಕಲಿಯುತ್ತಾರೆ. ಅದರಲ್ಲಿ ಅಷ್ಟೇ ಎತ್ತರ ದಾಟಲು ದೇಹವನ್ನು ಇನ್ನೂ ಮೇಲಕ್ಕೆತ್ತಬೇಕು. ಪೋಲ್‌ವಾಲ್ಟ್ ಅಂತೂ ಕೇಳುವುದೇ ಬೇಡ.

ದೂರದ ಓಟಕ್ಕೆ ಮಾತ್ರ ಕೆರೆ ಏರಿ, ಹೊಲದ ದಾರಿ ಒಳ್ಳೆಯ ಅಭ್ಯಾಸತಾಣಗಳೇ. ವೇಗದ ಓಟಕ್ಕೆ ಅಷ್ಟೇ ಸಾಲದು. ಅಸ್ಸಾಂನ ಧಿಂಗ್‌ನ ಕೆಸರಿನಲ್ಲಿ ಫುಟ್‌ಬಾಲ್ ಆಡಿ ಬೆಳೆದ ಹಿಮಾ ದಾಸ್ 2018ರಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನ 400 ಮೀಟರ್ ಚಿನ್ನ ಗೆದ್ದರು; ಆದರೆ ಅದಕ್ಕೆ ಮೊದಲು ಗುವಾಹಟಿಗೆ ಬಂದು ತರಬೇತಿ ಪಡೆದಿದ್ದರು.