ಅಲ್ಯೂಮಿನಿಯಮ್ಮಿನ ಬಣ್ಣದ ತೊಗಲು

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ತಂಬೂರಿನಂಥ ಗ್ರಾಮಗಳಲ್ಲಿ ಬಹುಕಾಲದವರೆಗೆ ಸೈಕಲ್ಲೆಂದರೆ ಉಕ್ಕಿನ ಸೈಕಲ್ಲೇ ಆಗಿತ್ತು. 2006-07ನೆಯ ಸಾಲಿನಿಂದ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳೂ ಉಕ್ಕಿನವೇ. ಅವುಗಳ ಬಣ್ಣ ಸುಲಿದರೆ ಏನಾಗುವುದೆಂದು ಯಾರಿಗೂ ಹೇಳಬೇಕಾಗಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ತಲೆಯೆತ್ತುತ್ತದೆ. ಈಗ ಗೇರುಗಳುಳ್ಳ ಹಗುರವಾದ ಸೈಕಲ್ಲುಗಳು ಹಳ್ಳಿಯ ಓಣಿಗಳಿಗೂ ಬಂದಿವೆ. ಇಂಥ ಅನೇಕ ಸೈಕಲ್ಲುಗಳಲ್ಲಿ ರಿಮ್ಮು, ಬ್ರೇಕಿನ ಹಿಡಿ, ಸೀಟಿನ ಕಂಬ, ಪೆಡಲುಗಳು ಅಲ್ಯೂಮಿನಿಯಮ್ ಮಿಶ್ರಲೋಹದಿಂದಾದವು. ಅವುಗಳ ಮೈ ಕಪ್ಪು, ಕೆಂಪು, ನೀಲಿ ಅಥವಾ ಹೊಂಬಣ್ಣದಿಂದ ಹೊಳೆಯುತ್ತಿರುತ್ತದೆ.

ವರ್ಷಗಳು ಕಳೆದಂತೆ ಬಿಸಿಲಿಗೆ ಆ ಬಣ್ಣ ಮಾಸುತ್ತದೆ. ಅದನ್ನು ಪೂರ್ತಿಯಾಗಿ ತೆಗೆದುಹಾಕಿ, ಒಳಗಿನ ಲೋಹವನ್ನು ಬೆಳ್ಳಿಯಂತೆ ಬೆಳಗಬೇಕೆಂಬ ಆಸೆ ಸೈಕಲ್ಲಿನ ಒಡೆಯನಿಗೆ ಹುಟ್ಟುವುದು ಸಹಜ. ಹಿತ್ತಾಳೆಯನ್ನು ಬೆಳಗುವ ಹುಣಸೆಹಣ್ಣನ್ನು ಹಚ್ಚಿದರೆ ಬಣ್ಣ ಜಗ್ಗುವುದಿಲ್ಲ. ಸೀಮೆಎಣ್ಣೆಯಿಂದ ತಿಕ್ಕಿದರೆ ಜಿಡ್ಡು ಮಾತ್ರ ಹೋಗುತ್ತದೆ. ಬಡಗಿಯ ಬಣ್ಣವನ್ನು ಕರಗಿಸುವ ತಿನ್ನರ್ ಕೂಡ ಇಲ್ಲಿ ಸೋಲುತ್ತದೆ. ಕೊನೆಗೆ ಯಾರೋ ಕಾಸ್ಟಿಕ್ ಸೋಡದ ಹೆಸರು ಹೇಳುತ್ತಾರೆ. ಅದು ಕೆಲವೇ ನಿಮಿಷಗಳಲ್ಲಿ ಬಣ್ಣವನ್ನು ತಿಂದುಹಾಕುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಉಳಿದವು ಸೋತಲ್ಲಿ ಇದು ಗೆಲ್ಲುವುದೇಕೆ, ಗೆದ್ದ ಬಳಿಕ ನಿಲ್ಲದಿರುವುದೇಕೆ ಎಂಬುದನ್ನು ತಿಳಿಯದೆ ಈ ಕೆಲಸಕ್ಕೆ ಕೈಹಾಕುವುದು ಕಣ್ಣಿಗೂ ಅಪಾಯ, ಸೈಕಲ್ಲಿಗೂ ಅಪಾಯ.

ಮೊಟ್ಟಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಇದು ಲೋಹದ ಮೇಲೆ ಬಳಿದ ಬಣ್ಣವಲ್ಲ. ಅಲ್ಯೂಮಿನಿಯಮ್ಮಿಗೆ ಆಮ್ಲಜನಕದ ಮೇಲೆ ಬಲವಾದ ಒಲವು. ಹೊಸದಾಗಿ ಕತ್ತರಿಸಿದ ಲೋಹದ ಮುಖವು ಗಾಳಿಗೆ ತಾಗಿದ ಕೂಡಲೇ ಅದರ ಮೇಲೆ ಅಲ್ಯೂಮಿನಿಯಮ್ ಆಕ್ಸೈಡಿನ ಪೊರೆಯೊಂದು ಮೂಡುತ್ತದೆ. ಇದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಮೂರು ನಾಲ್ಕು ಭಾಗ ಮಾತ್ರ. ಕಬ್ಬಿಣದ ತುಕ್ಕು ಸಡಿಲವಾಗಿ ಉದುರಿ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ. ಅಲ್ಯೂಮಿನಿಯಮ್ಮಿನ ಈ ಪೊರೆಯಾದರೋ ಲೋಹವನ್ನು ಬಿಗಿಯಾಗಿ ಅಪ್ಪಿಕೊಂಡು ಮುಂದಿನ ಸವೆತವನ್ನು ತಡೆಯುತ್ತದೆ. ನಮ್ಮ ಅಡುಗೆಮನೆಯ ಅಲ್ಯೂಮಿನಿಯಮ್ ಪಾತ್ರೆಗಳು ವರ್ಷಾನುಗಟ್ಟಲೆ ಬಾಳುವುದು ಈ ಕಾಣದ ಕವಚದಿಂದಲೇ.

ನಿಸರ್ಗ ಕೊಟ್ಟ ಈ ತೆಳುಪೊರೆಯನ್ನು ವಿದ್ಯುತ್ತಿನ ನೆರವಿನಿಂದ ಸಾವಿರಾರು ಪಟ್ಟು ದಪ್ಪವಾಗಿ ಬೆಳೆಸುವ ಕ್ರಮಕ್ಕೆ ಆನೊಡೀಕರಣವೆಂದು ಹೆಸರು. ದುರ್ಬಲಗೊಳಿಸಿದ ಗಂಧಕಾಮ್ಲದಲ್ಲಿ ಅಲ್ಯೂಮಿನಿಯಮ್ ವಸ್ತುವನ್ನು ಇಳಿಬಿಟ್ಟು, ಅದನ್ನು ವಿದ್ಯುನ್ಮಂಡಲದ ಧನಧ್ರುವಕ್ಕೆ ಜೋಡಿಸುತ್ತಾರೆ. ಪ್ರವಾಹ ಹರಿದಂತೆ ಲೋಹದ ಮೇಲ್ಮೈ ಒಳಮುಖವಾಗಿ ಆಕ್ಸೈಡಾಗುತ್ತ ಹೋಗುತ್ತದೆ. ಈ ಕ್ರಮ ಮೊದಲು ಕೈಗಾರಿಕೆಗೆ ಬಂದದ್ದು 1923ರಲ್ಲಿ, ಇಂಗ್ಲೆಂಡಿನಲ್ಲಿ. ಬೆಂಗೋ ಮತ್ತು ಸ್ಟುವರ್ಟ್ ಎಂಬವರು ಕ್ರೋಮಿಕ್ ಆಮ್ಲವನ್ನು ಬಳಸಿ, ಸಮುದ್ರದ ಉಪ್ಪುನೀರಿಗೆ ಸಿಕ್ಕುವ ವಿಮಾನದ ಭಾಗಗಳನ್ನು ಕಾಪಾಡಿದರು. ಗಂಧಕಾಮ್ಲದ ಕ್ರಮ 1927ರಿಂದೀಚಿನದು.

ಹೀಗೆ ಬೆಳೆದ ಪದರಿನ ರಚನೆ ಸೋಜಿಗದ್ದು. ಇದು ಜೇನುಹಟ್ಟಿನಂತೆ ಒತ್ತೊತ್ತಾಗಿ ನಿಂತ ಆರು ಮೂಲೆಯ ಕೋಶಗಳಿಂದಾಗಿದೆಯೆಂದೂ, ಪ್ರತಿಯೊಂದು ಕೋಶದ ನಡುವೆ ಒಂದು ಸೂಕ್ಷ್ಮ ರಂಧ್ರವಿದೆಯೆಂದೂ ಕೆಲ್ಲರ್, ಹಂಟರ್ ಮತ್ತು ರಾಬಿನ್‌ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1953ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿಕೊಟ್ಟರು. ಈ ರಂಧ್ರಗಳಿಗೆ ಬಣ್ಣವನ್ನು ಕುಡಿಸಿ, ಬಳಿಕ ಕುದಿನೀರಿನಲ್ಲಿ ಅದ್ದಿದರೆ ಆಕ್ಸೈಡು ನೀರನ್ನು ಹೀರಿ ಉಬ್ಬಿ ರಂಧ್ರಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಬಣ್ಣವು ಹೀಗೆ ಕಲ್ಲಿನೊಳಗೆ ಬಂದಿಯಾಗುತ್ತದೆ. ತಿನ್ನರಿಗೆ ಅದು ಸಿಗದಿರುವುದು ಇದರಿಂದಲೇ.

ಕಲ್ಲೆಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಮಾಣಿಕ್ಯ, ನೀಲಮಣಿ, ಸಾಣೆಗೆ ಬಳಸುವ ಕುರುವಿಂದ ಇವೆಲ್ಲವೂ ಅಲ್ಯೂಮಿನಿಯಮ್ ಆಕ್ಸೈಡಿನ ಹರಳುಗಳೇ. ಸೈಕಲ್ಲಿನ ಪದರು ಹರಳುಗಟ್ಟಿದ್ದಲ್ಲವಾದರೂ ಅದೇ ಕುಲದ್ದು. ಲೋಹಕ್ಕಿಂತ ಬಹಳ ಗಡಸು. ಇದರ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತೇವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಈ ಪದರಿನ ಹೆಚ್ಚಿನ ಪಾಲು, ಸುಮಾರು ಮೂರರಲ್ಲಿ ಎರಡು, ಮೂಲ ಲೋಹದ ಮಟ್ಟದಿಂದ ಕೆಳಗೇ ಇರುತ್ತದೆ. ಆದುದರಿಂದ ಪದರನ್ನು ತೆಗೆದಾಗ ಬಿಡಿಭಾಗವು ಮೊದಲಿಗಿಂತ ತೆಳ್ಳಗಾಗುತ್ತದೆ. ಬಣ್ಣ ಕಳೆಯುವುದೆಂದರೆ ಅಂಗಿ ಬಿಚ್ಚಿದಂತಲ್ಲ, ತೊಗಲು ಸುಲಿದಂತೆ.

ಈ ತೊಗಲನ್ನು ತೆಗೆಯಲು ಎರಡು ದಾರಿಗಳಿವೆ. ಮೊದಲನೆಯದು ಉಜ್ಜುವ ದಾರಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಎಮರಿ ಕಾಗದದ ಮೇಲಿರುವ ಪುಡಿಯೂ ಮುಖ್ಯವಾಗಿ ಅಲ್ಯೂಮಿನಿಯಮ್ ಆಕ್ಸೈಡೇ. ನೀರು ತಾಗಿದರೂ ಕೆಡದ ಎಮರಿ ಕಾಗದವನ್ನು ನೀರಿನಲ್ಲಿ ತೋಯಿಸಿ, 400ನೆಯ ನಂಬರಿನಿಂದ ಪ್ರಾರಂಭಿಸಿ, 600, 1000 ಎಂದು ನುಣುಪಾದವುಗಳಿಗೆ ಏರುತ್ತ ಹೋದರೆ ಪದರು ಸವೆದು ಲೋಹ ಹೊಳೆಯುತ್ತದೆ. ಬಣ್ಣದ ರಿಮ್ಮುಗಳಲ್ಲಿ ಬ್ರೇಕಿನ ರಬ್ಬರು ಉಜ್ಜುವ ಕಡೆ ಬೆಳ್ಳಿಯ ಪಟ್ಟಿಯೊಂದು ಮೂಡುವುದನ್ನು ವಾಚಕರು ಗಮನಿಸಿರಬಹುದು. ಅದೂ ಇದೇ ಕ್ರಿಯೆ. ಈ ದಾರಿಗೆ ತಾಳ್ಮೆ ಬೇಕು, ಮೂಲೆಮುಡುಕುಗಳಿಗೆ ಕೈ ಹೋಗುವುದಿಲ್ಲ. ಆದರೆ ಅಪಾಯ ಕಡಿಮೆ.

ಎರಡನೆಯದು ಕರಗಿಸುವ ದಾರಿ. ಅಲ್ಯೂಮಿನಿಯಮ್ ಆಕ್ಸೈಡಿಗೆ ಒಂದು ಇಬ್ಬಗೆಯ ಸ್ವಭಾವವಿದೆ. ಅದು ಆಮ್ಲದೊಡನೆ ಪ್ರತ್ಯಾಮ್ಲದಂತೆಯೂ, ಪ್ರಬಲ ಕ್ಷಾರದೊಡನೆ ಆಮ್ಲದಂತೆಯೂ ವರ್ತಿಸುತ್ತದೆ. ಹುಣಸೆಯ ಹುಳಿ ಬಹಳ ಸೌಮ್ಯವಾದುದರಿಂದ ಅದರ ಕೈಯಲ್ಲಿ ಏನೂ ಆಗುವುದಿಲ್ಲ. ಕಾಸ್ಟಿಕ್ ಸೋಡವಾದರೋ ಆಕ್ಸೈಡನ್ನು ಸೋಡಿಯಮ್ ಅಲ್ಯೂಮಿನೇಟ್ ಎಂಬ ಲವಣವನ್ನಾಗಿ ಮಾರ್ಪಡಿಸಿ ನೀರಿನಲ್ಲಿ ಕರಗಿಸಿಬಿಡುತ್ತದೆ.

ಇದೇ ಕ್ರಿಯೆ ನಮ್ಮ ನೆರೆಯ ಬೆಳಗಾವಿಯಲ್ಲಿ ಭಾರಿ ಪ್ರಮಾಣದಲ್ಲಿ ನಡೆಯುತ್ತಿದೆ. 1960ರ ದಶಕದ ಕೊನೆಯಲ್ಲಿ ಇಂಡಿಯನ್ ಅಲ್ಯೂಮಿನಿಯಮ್ ಕಂಪೆನಿ ಸ್ಥಾಪಿಸಿದ, ಈಗ ಹಿಂಡಾಲ್ಕೊ ಸಂಸ್ಥೆಗೆ ಸೇರಿದ ಕಾರ್ಖಾನೆ ಅಲ್ಲಿದೆ. ಬಾಕ್ಸೈಟ್ ಅದಿರನ್ನು ಪುಡಿಮಾಡಿ, ಬಿಸಿಯಾದ ಕಾಸ್ಟಿಕ್ ಸೋಡದ ದ್ರಾವಣದಲ್ಲಿ ಒತ್ತಡದಲ್ಲಿ ಬೇಯಿಸಿದರೆ ಅಲ್ಯೂಮಿನಿಯಮ್ ಅಂಶ ಕರಗುತ್ತದೆ. ಕಬ್ಬಿಣದ ಅಂಶ ಕರಗದೆ ಕೆಂಪು ಕೆಸರಾಗಿ ಉಳಿಯುತ್ತದೆ. ದ್ರಾವಣವನ್ನು ತಣಿಸಿದಾಗ ಶುಭ್ರವಾದ ಅಲ್ಯೂಮಿನಿಯಮ್ ಹೈಡ್ರಾಕ್ಸೈಡ್ ಹೊರಬರುತ್ತದೆ. 1888ರ ಸುಮಾರಿಗೆ ಕಾರ್ಲ್ ಜೋಸೆಫ್ ಬೇಯರ್ ಕಂಡುಹಿಡಿದ ಕ್ರಮವಿದು. ಅದಿರಿನಿಂದ ಲೋಹಕ್ಕೆ ಹೋಗುವ ದಾರಿಯ ಮೊದಲ ಮೆಟ್ಟಿಲೂ, ಸೈಕಲ್ಲಿನ ಬಣ್ಣವನ್ನು ಕಳೆಯುವ ಕೊನೆಯ ಕೆಲಸವೂ ಒಂದೇ ರಸಾಯನದ ಮೇಲೆ ನಿಂತಿವೆ.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಬೆಳಗಾವಿಯ ಅದಿರಿನಲ್ಲಿ ಬಿಡಿಲೋಹವಿಲ್ಲ, ನಮ್ಮ ಬಕೇಟಿನಲ್ಲಿದೆ. ಆಕ್ಸೈಡು ಕರಗಿ ಮುಗಿದೊಡನೆ ಕಾಸ್ಟಿಕ್ ಸೋಡವು ಬರಿಮೈಯಾದ ಲೋಹವನ್ನು ಹಿಡಿಯುತ್ತದೆ. ಆಗ ಜಲಜನಕ ಅನಿಲವೂ ಶಾಖವೂ ಹೊರಬೀಳುತ್ತವೆ. ಲೆಕ್ಕ ಹಾಕಿ ನೋಡೋಣ. 100 ಚದರ ಸೆಂಟಿಮೀಟರ್ ಮೈಯ ಮೇಲೆ 10 ಮೈಕ್ರಾನ್ ದಪ್ಪದ ಪದರಿದ್ದರೆ ಅದರ ಗಾತ್ರ ಒಂದು ಘನ ಸೆಂಟಿಮೀಟರಿನ ಹತ್ತರಲ್ಲೊಂದು ಭಾಗ, ತೂಕ ಸುಮಾರು 0.3 ಗ್ರಾಂ. ತೆಗೆಯಬೇಕಾದದ್ದು ಇಷ್ಟೇ. ಇನ್ನು ಲೋಹವೇ ಒಂದು ಗ್ರಾಂ ಕರಗಿದರೆ ಸುಮಾರು 1.3 ಲೀಟರ್ ಜಲಜನಕ ಹುಟ್ಟುತ್ತದೆ. ಒಂದು ಲೀಟರ್ ನೀರನ್ನು ಮೂರೂವರೆ ಡಿಗ್ರಿಗೂ ಹೆಚ್ಚು ಕಾಯಿಸುವಷ್ಟು ಶಾಖವೂ ಬರುತ್ತದೆ. ಬಕೇಟನ್ನು ಮರೆತು ಹೋಗಿ 10 ಗ್ರಾಂ ಕರಗಿತೆಂದರೆ 13 ಲೀಟರ್ ಅನಿಲ! ದ್ರಾವಣ ಕಾದಷ್ಟೂ ಕ್ರಿಯೆ ಚುರುಕಾಗುತ್ತದೆ, ಚುರುಕಾದಷ್ಟೂ ಇನ್ನೂ ಕಾಯುತ್ತದೆ. ಮುಚ್ಚಿದ ಡಬ್ಬಿಯಾದರೆ ಸಿಡಿಯುತ್ತದೆ. ಹತ್ತಿರ ಬೆಂಕಿಯಿದ್ದರೆ ಜಲಜನಕ ಹೊತ್ತಿಕೊಳ್ಳುತ್ತದೆ.

ಹಾಗಾದರೆ ನಿಲ್ಲಿಸಬೇಕಾದ ಗಳಿಗೆಯನ್ನು ತಿಳಿಯುವುದೆಂತು? ಎರಡು ಗುರುತುಗಳಿವೆ. ಆಕ್ಸೈಡು ಕರಗುವಾಗ ಗುಳ್ಳೆಗಳು ವಿರಳ. ಮೈತುಂಬ ಬಿರುಸಾಗಿ ಗುಳ್ಳೆಯೆದ್ದರೆ ಲೋಹ ತೆರೆದುಕೊಂಡಿತೆಂದೇ ಅರ್ಥ. ಎರಡನೆಯ ಗುರುತು ವಿದ್ಯುತ್ತಿನದು. ಆಕ್ಸೈಡು ವಿದ್ಯುನ್ನಿರೋಧಕ. ಬ್ಯಾಟರಿಯ ಎರಡು ಶೆಲ್ಲು, ಒಂದು ಚಿಕ್ಕ ಬಲ್ಬು, ಎರಡು ತಂತಿ ಇದ್ದರೆ ಸಾಕು. ತೊಳೆದು ಒರೆಸಿದ ಭಾಗದ ಎರಡು ಕಡೆ ತಂತಿಗಳ ತುದಿಯನ್ನು ಗೀಚದೆ ಮೆಲ್ಲನೆ ಮುಟ್ಟಿಸಬೇಕು. ಪದರಿದ್ದಲ್ಲಿ ಬಲ್ಬು ಹತ್ತುವುದಿಲ್ಲ, ಅದು ಹೋದಲ್ಲಿ ಹತ್ತುತ್ತದೆ. ಗಾಳಿಯಲ್ಲಿ ಮೂಡುವ ಸಹಜ ಪೊರೆ ಅತಿ ತೆಳುವಾದುದರಿಂದ ಅಡ್ಡಬರುವುದಿಲ್ಲ. ಈ ಪರೀಕ್ಷೆಯನ್ನು ಆನೊಡೀಕರಿಸಿದ ಪಾತ್ರೆಯ ಮೇಲೆ ಯಾವ ವಿದ್ಯಾರ್ಥಿಯಾದರೂ ನಿರ್ಭಯವಾಗಿ ಮಾಡಿ ನೋಡಬಹುದು.

ಕಾಸ್ಟಿಕ್ ಸೋಡದ ಕೆಲಸ ಹಾಗಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಒಬ್ಬಂಟಿಯಾಗಿ ಮಾಡತಕ್ಕದ್ದಲ್ಲ. ಬಲ್ಲ ಹಿರಿಯರು ಜೊತೆಗಿರಬೇಕು. ನವಲಗುಂದದ ಕಡೆಯ ರೈತರು ಸವಳು ನೆಲದ ಕ್ಷಾರವನ್ನು ಬಲ್ಲರು. ಅಗಸರ ಸೋಡವನ್ನು ಎಲ್ಲರೂ ಬಲ್ಲರು. ಕಾಸ್ಟಿಕ್ ಸೋಡ ಇವೆಲ್ಲಕ್ಕಿಂತ ಎಷ್ಟೋ ಪಟ್ಟು ಉಗ್ರ. ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿ ಹೋಗಬಹುದು. ಆದುದರಿಂದ ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ರಬ್ಬರಿನ ಕೈಗವಸು, ತುಂಬುತೋಳಿನ ಅಂಗಿ ಅತ್ಯವಶ್ಯ. ಬಯಲಿನಲ್ಲಿ, ಬೆಂಕಿಯಿಂದ ದೂರ, ಬಾಯಿ ತೆರೆದ ಪ್ಲಾಸ್ಟಿಕ್ ಬಕೇಟಿನಲ್ಲಿ ಮಾಡಬೇಕು. ಮೊದಲು ತಣ್ಣೀರು, ಬಳಿಕ ಅದಕ್ಕೆ ಸ್ವಲ್ಪಸ್ವಲ್ಪವಾಗಿ ಸೋಡ; ಎಂದಿಗೂ ಸೋಡದ ಮೇಲೆ ನೀರು ಸುರಿಯಬಾರದು. ಲೀಟರಿಗೆ 50 ಗ್ರಾಮಿಗಿಂತ ಹೆಚ್ಚು ಬೇಡ. ಬಿಡಿಭಾಗವನ್ನು ಸೈಕಲ್ಲಿನಿಂದ ಕಳಚಿ, ಜಿಡ್ಡು ತೊಳೆದು, ಒಂದೆರಡು ನಿಮಿಷ ಮಾತ್ರ ಅದ್ದಿ, ಹೊರತೆಗೆದು, ಧಾರಾಳ ನೀರಿನಲ್ಲಿ ತೊಳೆದು ಪರೀಕ್ಷಿಸಬೇಕು. ಬೇಕಾದರೆ ಮತ್ತೊಮ್ಮೆ ಅದ್ದಬೇಕು. ಮೈಗಾಗಲಿ ಕಣ್ಣಿಗಾಗಲಿ ಸಿಡಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಬೇಕು. ಕಣ್ಣಾದರೆ ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಿಂಬೆಹುಳಿ ಹಿಂಡುವ ಮೂಢತನ ಕೂಡದು. ಉಳಿದ ದ್ರಾವಣವನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಚೆಲ್ಲದೆ, ಕಾಲೇಜಿನ ರಸಾಯನ ಪ್ರಯೋಗಶಾಲೆಗೆ ಒಪ್ಪಿಸಿ ತಟಸ್ಥಗೊಳಿಸುವುದು ಉಚಿತ.

ಕ್ಷಾರದಿಂದೆದ್ದ ಲೋಹ ಮಂಕಾಗಿಯೂ, ತಾಮ್ರ ಅಥವಾ ಸಿಲಿಕಾನ್ ಬೆರೆತ ಮಿಶ್ರಲೋಹವಾದರೆ ಕಪ್ಪು ಮಸಿ ಬಳಿದಂತೆಯೂ ಕಾಣುತ್ತದೆ. ಕರಗದೆ ಉಳಿದ ಅಂಶಗಳ ಮಸಿಯದು. ನುಣುಪಾದ ಎಮರಿ ಕಾಗದದಿಂದ ಉಜ್ಜಿ, ಲೋಹ ಬೆಳಗುವ ಪಾಲಿಶ್ ಹಚ್ಚಿದರೆ ಹೊಳಪು ಬರುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು ಅಗತ್ಯ. ಹ್ಯಾಂಡಲ್, ಅದನ್ನು ಹಿಡಿದಿರುವ ಸ್ಟೆಮ್, ಸೀಟಿನ ಕಂಬ, ಪೆಡಲಿನ ಕ್ರ್ಯಾಂಕ್ ಇವು ಸವಾರನ ಭಾರವನ್ನು ಮತ್ತೆ ಮತ್ತೆ ಹೊರುವ ಅಂಗಗಳು. ಕ್ಷಾರವು ಲೋಹದಲ್ಲಿ ಕೊರೆಯುವ ಸೂಕ್ಷ್ಮ ಕುಳಿಯೊಂದು ಸಾಕು. ಪ್ರತಿಯೊಂದು ತುಳಿತಕ್ಕೂ ಅಲ್ಲಿಂದ ಬಿರುಕು ಕೂದಲೆಳೆಯಷ್ಟು ಮುಂದುವರಿದು, ಒಂದು ದಿನ ಇಳಿಜಾರಿನಲ್ಲಿ ಹ್ಯಾಂಡಲ್ ಕೈಯಲ್ಲಿ ಮುರಿದು ಬಂದೀತು. ಹೊಳಪಿಗಾಗಿ ಇವುಗಳನ್ನು ಕ್ಷಾರಕ್ಕೆ ಇಳಿಸಲೇಬಾರದು. ಮರೆಯ ಸುತ್ತುಗಳುಳ್ಳ ಭಾಗಗಳನ್ನೂ ಬಿಡಬೇಕು, ಅವು ಸಡಿಲವಾಗುತ್ತವೆ. ಬಾಟಲಿ ಹಿಡಿಕೆ, ಗಂಟೆಯ ಮುಚ್ಚಳದಂಥ ಭಾರ ಹೊರದ ಭಾಗಗಳು ಈ ಪ್ರಯೋಗಕ್ಕೆ ತಕ್ಕವು.

ಇಷ್ಟೆಲ್ಲ ಶ್ರಮಪಟ್ಟು ಬೆಳಗಿದ ಮೇಲೂ ನಾವು ನೋಡುವುದು ಬರಿಯ ಅಲ್ಯೂಮಿನಿಯಮ್ಮನ್ನಲ್ಲ. ತೊಳೆದ ನೀರು ಆರುವ ಮೊದಲೇ ಗಾಳಿಯು ಅದಕ್ಕೆ ಹೊಸ ಪೊರೆ ಹೊದಿಸಿರುತ್ತದೆ. ಅದು ತೀರ ತೆಳುವಾದುದರಿಂದ ಬೆಳಕು ತಡೆಯಿಲ್ಲದೆ ಹಾದು ಲೋಹದ ಹೊಳಪನ್ನು ತೋರಿಸುತ್ತದೆ. ಅಷ್ಟೇ ತೆಳುವಾದುದರಿಂದ ಬೆವರು, ಕೆಸರು, ಗೀರುಗಳಿಗೆ ಬೇಗ ಸೋಲುತ್ತದೆ. ಆನೊಡೀಕರಿಸಿದ ಮೈಗೆ ಬೇಡವಾಗಿದ್ದ ಆರೈಕೆ ಇನ್ನು ಮುಂದೆ ಬೇಕಾಗುತ್ತದೆ: ಆಗಾಗ ಒರೆಸಿ, ಮೇಣ ಸವರಿ, ಮಂಕಾದಾಗ ಮತ್ತೆ ಬೆಳಗಬೇಕು. ಈ ಆರೈಕೆಗೆ ಸಿದ್ಧರಿರುವವರು ಮಾತ್ರ ಹಳೆಯ ತೊಗಲನ್ನು ಸುಲಿಯಲಿ.