ಚರಗದ ಬುತ್ತಿ: ಹೊಲದೂಟವೆಂಬ ಚರಿತ್ರೆಯ ಆಧಾರ

ಶಾಸನಗಳು ದತ್ತಿಯಾಗಿ ಬಿಟ್ಟ ಭೂಮಿಯ ಎಲ್ಲೆಗಳನ್ನು ವಿವರವಾಗಿ ಹೇಳುತ್ತವೆ. ಆ ಭೂಮಿಯನ್ನು ಉತ್ತವರು ಏನನ್ನು ಉಂಡರೆಂಬುದನ್ನು ಹೇಳುವುದು ಅಪೂರ್ವ. ಈ ಕೊರತೆಯನ್ನು ಒಂದಿಷ್ಟಾದರೂ ತುಂಬಬಲ್ಲ ಆಧಾರವೊಂದು ಕೊಪ್ಪಳ ಸೀಮೆಯ ಎಳ್ಳಮಾವಾಸ್ಯೆಯ ಚರಗದಲ್ಲಿ ಉಳಿದಿದೆ.

ಮಾರ್ಗಶಿರ ಬಹುಳ ಅಮಾವಾಸ್ಯೆಯಂದು ಒಕ್ಕಲು ಮನೆತನಗಳು ಬುತ್ತಿ ಕಟ್ಟಿಕೊಂಡು ಬಂಡಿಗಳಲ್ಲಿ, ಈಗೀಗ ಟ್ರ್ಯಾಕ್ಟರುಗಳಲ್ಲಿ, ಹೊಲಕ್ಕೆ ತೆರಳುತ್ತವೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವುದು ವಾಡಿಕೆ. ಬಳಿಕ ಎಡೆಯ ಪದಾರ್ಥಗಳನ್ನು ಕಲಸಿ ಒಬ್ಬನು ಪೈರಿನ ನಡುವೆ ಚೆಲ್ಲುತ್ತ ನಡೆದರೆ, ಇನ್ನೊಬ್ಬನು ಅವನ ಹಿಂದೆ ನೀರು ಚಿಮುಕಿಸುತ್ತಾನೆ. ಇದೇ ಚರಗ. ಭೂತಾಯಿಗೆ ಉಣಿಸಿದ ಮೇಲೆಯೇ ಬಂಧುಬಳಗದೊಡನೆ, ನೆರೆಹೊರೆಯವರೊಡನೆ ಊಟ.

ಬುತ್ತಿಯಲ್ಲಿರುವ ಪದಾರ್ಥಗಳನ್ನು ಗಮನಿಸಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಇವು ಮುಂಗಾರಿನ ಫಲಗಳು. ಆಗ ಹೊಲದಲ್ಲಿ ನಿಂತಿರುವುದು ಹಿಂಗಾರಿ ಜೋಳ ಮತ್ತು ಕಡಲೆ. ಎಂದರೆ, ಕೈಸೇರಿದ ಬೆಳೆಯನ್ನು ಇನ್ನೂ ಕೈಸೇರಬೇಕಾದ ಬೆಳೆಗೆ ಉಣಿಸಲಾಗುತ್ತದೆ. ಮಳೆಯನ್ನೇ ನಂಬಿದ ಬೇಸಾಯದ ಎರಡು ಹಂಗಾಮುಗಳು ಈ ಒಂದು ಊಟದಲ್ಲಿ ಕೂಡುತ್ತವೆ.

ಋತುಮಾನಕ್ಕೆ ತಕ್ಕ ಇಂತಹ ಬಯಲೂಟ ಅನ್ಯದೇಶಗಳಲ್ಲಿಯೂ ಉಂಟು. ಜಪಾನೀಯರು ವಸಂತದಲ್ಲಿ ಸಕುರ ಹೂಮರಗಳ ಕೆಳಗೆ ಬೆಂಟೊ ಎಂಬ ಬುತ್ತಿಯನ್ನು ಬಿಚ್ಚಿ ಕೂಡಿ ಉಣ್ಣುವುದಕ್ಕೆ ಹನಾಮಿ ಎಂದು ಹೆಸರು. 1598ರಲ್ಲಿ ಹಿಡೆಯೊಶಿಯು ಕ್ಯೋಟೊದ ಡೈಗೊ ದೇವಾಲಯದಲ್ಲಿ ನಡೆಸಿದ ಹನಾಮಿ ಪ್ರಸಿದ್ಧವಾದುದು. 18ನೆಯ ಶತಮಾನದಲ್ಲಿ ಶೋಗನ್ ಯೋಶಿಮುನೆಯು ಎಡೊ ನಗರದ ಅಸುಕಯಾಮದಲ್ಲಿ ಸಕುರ ಮರಗಳನ್ನು ನೆಡಿಸಿ ಜನಸಾಮಾನ್ಯರಿಗೂ ಆ ಸಂತೋಷವನ್ನು ಒದಗಿಸಿದನು. ಅಲ್ಲಿ ಆಳುವವರು ಪಾಲ್ಗೊಂಡುದರಿಂದ ಇಸವಿಗಳು ಉಳಿದುವು. ನಮ್ಮ ಚರಗಕ್ಕಾದರೋ ಬುತ್ತಿಯೇ ದಾಖಲೆ.

ಆ ದಾಖಲೆಯೂ ಮಾಸುತ್ತಿದೆ. ಅಂಜನಾದ್ರಿಯ ಬಳಿಯ ಹನುಮನಹಳ್ಳಿ, ಆನೆಗೊಂದಿಗಳ ಕಡೆ ವಿಜಯನಗರ ಕಾಲದ ಕಾಲುವೆಗಳಿಂದ ಗದ್ದೆಗಳು ಹಿಂದಿನಿಂದಲೂ ಇದ್ದುವು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಗಂಗಾವತಿ ತಾಲ್ಲೂಕಿನ ಅನೇಕ ಬೆದ್ದಲು ಹೊಲಗಳೂ ಭತ್ತದ ಗದ್ದೆಗಳಾದುವು. ನೀರಾವರಿಯಿಂದ ರೈತನಿಗೆ ಆದ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಸಜ್ಜೆಯನ್ನು ಅಂಗಡಿಯಿಂದ ತಂದು ರೊಟ್ಟಿ ಬಡಿಯುವ ಮನೆಯಲ್ಲಿ, ಬುತ್ತಿಗೂ ಹೊಲಕ್ಕೂ ಇದ್ದ ಸಂಬಂಧವು ಹಿರಿಯರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ.

ಆದುದರಿಂದ ನಮ್ಮ ವಿದ್ಯಾರ್ಥಿಗಳು ಮುಂದಿನ ಅಮಾವಾಸ್ಯೆಗೆ ತಮ್ಮ ಊರಿನ ಹಿರಿಯರನ್ನು, ಮುಖ್ಯವಾಗಿ ಬುತ್ತಿ ಕಟ್ಟಿದ ಹೆಂಗಸರನ್ನು, ಕೇಳಿ ಬರೆದಿಡಬೇಕು: ಯಾವ ಧಾನ್ಯ, ಯಾರ ಹೊಲದ್ದು? ಪಂಕ್ತಿಯಲ್ಲಿ ಯಾರು ಕುಳಿತರು, ಯಾರು ದೂರ ಕುಳಿತರು? ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟರೆ ನಾವು ಬರೆಯುವುದು ಅರ್ಧ ಚರಿತ್ರೆಯಷ್ಟೆ ಆದೀತು.