ಊರಿಗೆ ಹೋಗದ ಬೇಸಿಗೆ

“ತಾತ, ನಮಗೆ ಊರಿಲ್ವಾ?”

ಪರೀಕ್ಷೆ ಮುಗಿದ ಮಾರನೆಯ ಬೆಳಗ್ಗೆ ಮೊಮ್ಮಗಳು ಹೀಗೆ ಕೇಳಿದಾಗ ಓದುತ್ತಿದ್ದ ಪೇಪರನ್ನು ಮಡಿಸಿಟ್ಟೆ. ಅವಳ ಗೆಳತಿಯರೆಲ್ಲ ಊರಿಗೆ ಹೊರಟಿದ್ದರು. ಒಬ್ಬಳು ಶಿರಸಿಗೆ, ಇನ್ನೊಬ್ಬಳು ಹಾಸನಕ್ಕೆ, ಮತ್ತೊಬ್ಬಳು ಹುಬ್ಬಳ್ಳಿಗೆ. ನಮಗೂ ತಿಪಟೂರಿನ ಹತ್ತಿರ ಒಂದು ಊರಿತ್ತು. ಅಣ್ಣ ತೀರಿಕೊಂಡ ಮೇಲೆ ನೋಡಿಕೊಳ್ಳುವವರಿಲ್ಲದೆ ಮನೆಯನ್ನೂ ತೆಂಗಿನ ತೋಟವನ್ನೂ ಮಾರಿದೆವು. ಹೋದ ಬೇಸಿಗೆಯಲ್ಲಿ ಅಲ್ಲಿನ ಜಗುಲಿಯ ಮೇಲೆ ಕೂತು ಎಳನೀರು ಕುಡಿದ ಮಗು ಇದು.

“ಇದೇ ನಮ್ಮ ಊರು ಕಣಮ್ಮ” ಎಂದೆ.

“ಇದು ಬೆಂಗಳೂರು” ಎಂದಳು.

ಅವಳ ಮಾತೂ ಸುಳ್ಳಲ್ಲ. ಈ ಬೀದಿಗೆ ಬಂದು ನಲವತ್ತು ವರ್ಷವಾಗಿದ್ದರೂ ಏಪ್ರಿಲ್ ಬಂತೆಂದರೆ ನಾನು ಬಸ್ಸು ಹತ್ತಿಬಿಡುತ್ತಿದ್ದೆ. ಇಲ್ಲಿನ ಬೇಸಿಗೆ ಹೇಗಿರುತ್ತದೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಮೂಲೆಯ ಅಂಗಡಿಯಿಂದ ನೂರು ಪುಟದ ಒಂದು ನೋಟ್ ಪುಸ್ತಕ ತಂದೆವು. ದಿನಕ್ಕೊಂದು ಪುಟ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ಕರಾರಾಯಿತು.

ಮೊದಲ ಪುಟ ಮನೆ ಮುಂದಿನ ಹೊಂಗೆ ಮರದ್ದು. ಬೇಸಿಗೆ ಶುರುವಾಗುವಾಗ ಹೊಂಗೆ ಎಲೆಯೆಲ್ಲ ಉದುರಿಸಿ, ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂಥ ಹೊಸ ಚಿಗುರು ಹೊದ್ದುಕೊಳ್ಳುತ್ತದೆ. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ದಟ್ಟ ನೆರಳು ಸಿದ್ಧ. ಆಮೇಲೆ ಹೂವು. ಬೆಳಗ್ಗೆ ಬಾಗಿಲು ತೆರೆದರೆ ರಸ್ತೆ ತುಂಬ ಭತ್ತದ ಅರಳು ಚೆಲ್ಲಿದ ಹಾಗೆ. ನನ್ನ ಹೆಂಡತಿ ಗುಡಿಸುತ್ತಾಳೆ, ಅವಳು ಪೊರಕೆ ಒಳಗಿಡುವಷ್ಟರಲ್ಲಿ ಮರ ಮತ್ತೆ ಸುರಿಯುತ್ತದೆ. “ಇದಕ್ಕೆ ನನ್ನ ಮೇಲೆ ಏನು ಹಟವೋ” ಎಂದು ಗೊಣಗುತ್ತಾಳೆ. ಮರದ ಕೆಳಗೆ ಕಣ್ಣು ಮುಚ್ಚಿ ನಿಂತರೆ ಮೇಲೆ ಜೇನುಗಳ ಗುಂಯ್ಗುಡುವಿಕೆ ಕೇಳುತ್ತದೆ. ಮೊಮ್ಮಗಳು ಅದನ್ನು ಮೊದಲು ಟ್ರಾನ್ಸ್‌ಫಾರ್ಮರ್ ಸದ್ದು ಎಂದುಕೊಂಡಿದ್ದಳು.

ಎರಡನೆಯ ಪುಟ ಅಜ್ಜಿಯ ಮಡಕೆಗೆ. ಮರಳಿನ ಮೇಲೆ ಹೊಸ ಮಡಕೆ ಕೂರಿಸಿ, ಸುತ್ತ ಒಂದು ಹಿಡಿ ಮೆಂತ್ಯ ಎರಚಿದ್ದರು. ರಾತ್ರಿ ಮಲಗುವಾಗ ಮೊಮ್ಮಗಳು ಕಡ್ಡಿಯೊಂದನ್ನು ಮಡಕೆಗೆ ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದಳು. ಬೆಳಗ್ಗೆ ನೋಡಿದರೆ ಅರ್ಧ ಬೆರಳಿನಷ್ಟು ಇಳಿದಿದೆ. “ತಾತ ರಾತ್ರಿ ಎದ್ದು ಕುಡಿದಿದ್ದಾರೆ” ಎಂದು ತೀರ್ಪಾಯಿತು. ನಾನು ಕುಡಿದಿರಲಿಲ್ಲ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ತೆಗೆದುಕೊಳ್ಳುತ್ತದೆ, ಹಾಗಾಗಿ ಉಳಿದ ನೀರು ತಂಪು. ಗಾಳಿ ಒಣಗಿದ್ದ ದಿನ ನೀರು ಚೆನ್ನಾಗಿ ತಣ್ಣಗಿರುತ್ತಿತ್ತು. ಮೋಡ ಕವಿದು ಬೆವರು ಸುರಿದ ದಿನ ಅಷ್ಟಕ್ಕಷ್ಟೆ. ಇದನ್ನು ನಾನು ಹೇಳಲಿಲ್ಲ, ಒಂದು ವಾರ ಕುಡಿದು ನೋಡಿ ಅವಳೇ ಬರೆದಳು. ಅಷ್ಟರಲ್ಲಿ ಮರಳಿನಲ್ಲಿ ಮೆಂತ್ಯ ಎರಡೆಲೆ ಬಿಟ್ಟಿತ್ತು.

ಮಾವಿನ ಹಣ್ಣಿನ ವಿಷಯಕ್ಕೆ ಕೈ ಹಾಕುವುದಿಲ್ಲ. ರಸಪುರಿಯೋ ಬಾದಾಮಿಯೋ ಎಂದು ನಮ್ಮ ಮನೆಯಲ್ಲಿ ನಡೆಯುವ ಜಗಳಕ್ಕೆ ಬೇರೆ ಲೇಖನವೇ ಬೇಕು.

ಒಂದು ಸಂಜೆ ಲಾಲ್‌ಬಾಗ್‌ಗೆ ಹೋದೆವು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಎಂಬುವರು 1908ರಲ್ಲಿ ಈ ತೋಟದ ಹೊಣೆ ಹೊತ್ತರು. ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಊರಿನ ರಸ್ತೆಗಳಲ್ಲಿ ಮರ ನೆಡಿಸಿದರೆಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಈ ಬೇಸಿಗೆ ನಾವು ಕಂಡ ಸರದಿಯಲ್ಲಿ ಜಕರಂದದ ನೀಲಿ ಮುಗಿದು ಗುಲ್‌ಮೊಹರ್‌ನ ಕೆಂಪು ಬಂದಿತ್ತು. ಮಡಗಾಸ್ಕರ್ ದ್ವೀಪದ ಆ ಮರ ನಮ್ಮ ಮಕ್ಕಳಿಗೆ ಎಷ್ಟು ತಲೆಮಾರಿನಿಂದ ಆಟ ಕಲಿಸಿದೆಯೋ! ಮೊಗ್ಗು ಬಿಡಿಸಿ ಒಳಗಿನ ಕೇಸರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಎಳೆದರೆ ಕೋಳಿ ಜಗಳ. ಯಾರ ಕೇಸರದ ತಲೆ ಉದುರಿತೋ ಅವರು ಸೋತರು. ನಾನು ಐದಕ್ಕೆ ಐದೂ ಸೋತೆ. ಹೂವಿನ ಐದು ಎಸಳಿನಲ್ಲಿ ಒಂದು ಮಾತ್ರ ಬಿಳಿಯ ಮೇಲೆ ಕೆಂಪು ಚುಕ್ಕೆಯದು. ಅದನ್ನು ಬಾಯಿಗೆ ಹಾಕಿಕೊಂಡರೆ ಹುಳಿಹುಳಿ. ಈ ರುಚಿ ನಿಮ್ಮ ತಾತ, ಅಜ್ಜಿಗೂ ನೆನಪಿರುತ್ತದೆ, ಕೇಳಿ ನೋಡಿ.

ಇನ್ನು ನೆರಳಿನ ಕತೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಹೊಂಗೆಯ ಕೆಳಗೆ ಯಾರು ಯಾರು ನಿಲ್ಲುತ್ತಾರೆಂದು ಮೊಮ್ಮಗಳು ಕಿಟಕಿಯಿಂದ ಲೆಕ್ಕ ಇಡುತ್ತಿದ್ದಳು. ಮರದ ಒಂದು ಪಕ್ಕದ ಕೊಂಬೆಗಳನ್ನು ತಂತಿಗೆ ತಾಗುತ್ತವೆ ಎಂದು ಹೋದ ವರ್ಷ ಕಡಿದಿದ್ದರು. ಉಳಿದದ್ದು ಅರ್ಧ ಕೊಡೆ. ಆ ಅರ್ಧದಲ್ಲೇ ಒಂದು ದಿನ ಹನ್ನೊಂದು ಜನ, ಎರಡು ನಾಯಿ, ಒಂದು ಸೊಪ್ಪಿನ ಗಾಡಿ. ಊಟ ತಲುಪಿಸುವ ಹುಡುಗನೊಬ್ಬ ದಿನಾ ಬಂದು ಬೈಕಿನ ಮೇಲೆ ಕೂತು ಮುಂದಿನ ಆರ್ಡರ್‌ಗೆ ಕಾಯುತ್ತಿದ್ದ. ಅಜ್ಜಿ ಅವನಿಗೆ ಶುಂಠಿ, ಇಂಗು ಹಾಕಿದ ನೀರು ಮಜ್ಜಿಗೆ ಕೊಟ್ಟು ಕಳಿಸಿದರು. “ಬಿಸಿಲು ಜಾಸ್ತಿ ಅಲ್ವೇನಪ್ಪ” ಎಂದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದಾಗ ಕಂಗಾಲಾದ ಊರು ನಮ್ಮದು.

ಅವನು ನಕ್ಕ. “ನಮ್ ಕಡಿ ಬಿಸಲು ನೋಡಿದ್ರ ಇದು ಬಿಸಲೇ ಅಲ್ರಿ ಅಜ್ಜಾರ.” ಬೀದರ್ ಹತ್ತಿರದ ಹಳ್ಳಿಯವನಂತೆ. ರಜೆ ಸಿಗದೆ ಅವನೂ ಈ ಬೇಸಿಗೆ ಊರಿಗೆ ಹೋಗಿರಲಿಲ್ಲ. ಮೊಮ್ಮಗಳು ಅದನ್ನು ಗಮನವಿಟ್ಟು ಕೇಳಿಸಿಕೊಂಡಳು.

ಏಪ್ರಿಲ್ 24 ನಮ್ಮ ದೊಡ್ಡ ದಿನ. ಅವತ್ತು ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ದಿನಾ ಮಧ್ಯಾಹ್ನ ಹೀಗಾಗುತ್ತದೆಂದು ನಾವು ತಿಳಿದಿರುತ್ತೇವೆ, ಆದರೆ ವರ್ಷಕ್ಕೆ ಎರಡೇ ಸಲ. ಇನ್ನೊಂದು ಆಗಸ್ಟ್ 18ರ ಸುಮಾರಿಗೆ, ಆಗ ಮೋಡವಿರುವುದೇ ಹೆಚ್ಚು. ದೆಹಲಿಯವರಿಗಂತೂ ಈ ಭಾಗ್ಯವೇ ಇಲ್ಲ, ಸೂರ್ಯ ಅಷ್ಟು ಉತ್ತರಕ್ಕೆ ಹೋಗುವುದಿಲ್ಲ.

ತಾರಸಿಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಪಕ್ಕದಲ್ಲಿ ಪೆನ್ಸಿಲ್ಲನ್ನು ಜೇಡಿಮಣ್ಣಿನಲ್ಲಿ ನೆಟ್ಟಗೆ ನಿಲ್ಲಿಸಿದೆವು. ಕಾಲು ಸುಡದಿರಲೆಂದು ಅಜ್ಜಿ ಒದ್ದೆ ಗೋಣಿಚೀಲ ಹಾಸಿದರು. (ಸೂರ್ಯನನ್ನು ನೇರ ನೋಡಬೇಡಿ, ನೆಲ ನೋಡಿದರೆ ಸಾಕು.) ಹನ್ನೆರಡಕ್ಕೆ ಪೆನ್ಸಿಲ್ಲಿನ ನೆರಳು ಉಗುರಿನಷ್ಟಿತ್ತು. 12.10ಕ್ಕೆ ಅಕ್ಕಿ ಕಾಳಿನಷ್ಟು. ಆಮೇಲೆ ಇಲ್ಲ. ಮೊಮ್ಮಗಳು ತನ್ನ ನೆರಳು ಎಲ್ಲಿ ಎಂದು ಸುತ್ತ ತಿರುಗಿ ನೋಡಿದಳು, ಕಾಲ ಬುಡದಲ್ಲಿ ಒಂದು ಕಪ್ಪು ಉಂಡೆ ಬಿಟ್ಟರೆ ಏನೂ ಇರಲಿಲ್ಲ. ಅವಳು ಎಗರಿದಾಗ ನೆರಳು ಕೆಳಗೇ ಉಳಿಯಿತು. ಎಷ್ಟು ಸಲ ಎಗರಿದಳೋ, ಕೆಳಗಿನ ಮನೆಯವರು ಬಂದು ವಿಚಾರಿಸಿದರು.

ಆ ಸಂಜೆ ಅಟ್ಲಾಸ್ ಹೊರಬಂತು. ಸೂರ್ಯ ಆ ದಿನಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತಿರುತ್ತಾನೆ. ಮೈಸೂರಿನ ತಲೆಯ ಮೇಲೆ ನಮಗಿಂತ ಎರಡು ದಿನ ಮೊದಲೇ ಹಾದಿರುತ್ತಾನೆ. ಮಂಗಳೂರಿಗೂ ನಮಗೂ ಒಂದೇ ದಿನ, ಅಲ್ಲಿ ಸುಮಾರು ಹನ್ನೊಂದು ನಿಮಿಷ ತಡ. ಹುಬ್ಬಳ್ಳಿಗೆ ಮೇ 2ರ ಸುಮಾರಿಗೆ, ಬೀದರ್‌ಗೆ ಮೇ 11 ಅಥವಾ 12ಕ್ಕೆ. ಹುಬ್ಬಳ್ಳಿಯ ಗೆಳತಿಗೆ ಕೂಡಲೇ ಫೋನ್ ಹೋಯಿತು. ಬೀದರ್‌ನ ಸುದ್ದಿಯನ್ನು ಮಾರನೆಯ ದಿನ ಹೊಂಗೆಯ ಕೆಳಗೆ ತಲುಪಿಸಿದಳು. “ಹೌದೇನವ್ವಾ?” ಎಂದು ಅವನು ತಾರೀಕನ್ನು ಮೊಬೈಲಿನಲ್ಲಿ ಬರೆದುಕೊಂಡ. ಮಗುವಿನ ಮನಸ್ಸು ನೋಯಬಾರದೆಂದು ಬರೆದುಕೊಂಡನೆಂದೇ ನಾನು ಅಂದುಕೊಂಡೆ.

ಮೇ ತಿಂಗಳಲ್ಲಿ ಎರಡು ಸಲ ಗುಡುಗು ಮಳೆ ಬಂತು. ಮೊದಲ ಮಳೆಗೆ ಕರೆಂಟು ಹೋಗಿ, ಇಡೀ ಬೀದಿ ಮೆಟ್ಟಿಲ ಮೇಲೆ ಕೂತು ಮಾತಾಡಿತು.

ಮೇ 12ರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನಾವು ಏನೂ ತರಿಸಿರಲಿಲ್ಲ. ಹುಡುಗ ಹೆಲ್ಮೆಟ್ ತೆಗೆದು ಮೊಬೈಲ್ ಮುಂದೆ ಹಿಡಿದ. ಸಗಣಿ ಸಾರಿಸಿದ ಅಂಗಳ, ನಡುವೆ ಒಂದು ತಾಮ್ರದ ಚೊಂಬು, ಸುತ್ತ ಎಲ್ಲೂ ನೆರಳಿಲ್ಲ. ಚಿತ್ರದ ಮೂಲೆಯಲ್ಲಿ ಕಾಲುಂಗುರ ಹಾಕಿದ ಎರಡು ಪಾದ.

“ನಮ್ಮವ್ವ ಕಳಿಸ್ಯಾಳ” ಎಂದ.

ಮೊಮ್ಮಗಳು ಬಹಳ ಹೊತ್ತು ನೋಡಿದಳು. “ಇದು ನಿಮ್ಮ ಊರಾ?”

“ಹೂಂ. ನಮ್ಮನಿ ಅಂಗಳ.”

ಅವಳು ಒಳಗೆ ಓಡಿ ಪುಸ್ತಕ ತಂದು ಬಾಗಿಲಲ್ಲೇ ಕೂತು ಬರೆದಳು: ಮೇ 12, ಬೀದರ್ ಹತ್ತಿರ, ನೆರಳು ಇಲ್ಲ. ಮೇ 12, ನಮ್ಮೂರಿನ ಹೊಂಗೆ ಕೆಳಗೆ, ಎಂಟು ಜನ. ಆಮೇಲೆ ‘ಎಂಟು’ ಹೊಡೆದು ಹಾಕಿ ‘ಒಂಬತ್ತು’ ಮಾಡಿದಳು. ಅಜ್ಜಿ ಮಜ್ಜಿಗೆ ತಂದರು.